ಟೈಬೀರಿಯಸನ ತಲೆ ಮೂಸೆಗೆ ಬಿದ್ದರೆ ಯಾರಿಗೆ ಲಾಭ?

ಸಂತೆಯ ದಿನ ದುರ್ಗದ ಪೇಟೆಯ ಅಕ್ಕಸಾಲಿಯೊಬ್ಬರ ಅಂಗಡಿಗೆ ಹಳ್ಳಿಯ ರೈತನೊಬ್ಬ ಬಂದ ಎಂದಿಟ್ಟುಕೊಳ್ಳಿ. ಪಂಚೆಯ ಚುಂಗಿನಲ್ಲಿ ಒಂದು ಗಂಟು. ಬಿಚ್ಚಿದರೆ ಕಪ್ಪು ಹಿಡಿದ ಒಂಬತ್ತು ಬಿಲ್ಲೆಗಳು.

"ಪಾಯ ತೆಗೆಯೋವಾಗ ಕುಡಿಕೆಯಾಗೆ ಸಿಕ್ತು ಆಚಾರ್ರೇ. ಬೆಳ್ಳಿ ಹೌದೋ ಅಲ್ವೋ ಒಂಚೂರು ನೋಡ್ರಿ."

ಆಚಾರ್ರು ಒರೆಗಲ್ಲಿಗೆ ಉಜ್ಜಿ ನೋಡಿದರು, ತಕ್ಕಡಿಗೆ ಹಾಕಿದರು. "ಬೆಳ್ಳೀನೇ ಐತಪ್ಪ. ಯಾವ ರಾಜಂದೋ ಏನೋ. ಕರಗಿಸಿದ್ರೆ ಮಗೀಗೆ ಒಂದ್ ಜೊತೆ ಕಾಲುಚೈನು ಆಗುತ್ತೆ ನೋಡು."

ಇಲ್ಲಿ ಕಳ್ಳರು ಯಾರೂ ಇಲ್ಲ. ರೈತ ಕದ್ದಿಲ್ಲ, ಆಚಾರ್ರು ಮೋಸ ಮಾಡಿಲ್ಲ. ಮಗುವಿನ ಕಾಲಿಗೆ ಚೈನು ಬಂತು. ಆದರೆ ಆ ಬಿಲ್ಲೆಗಳ ಮೇಲಿದ್ದ ತಲೆ ರೋಮಿನ ಚಕ್ರವರ್ತಿ ಟೈಬೀರಿಯಸನದಾಗಿದ್ದರೆ, ಎರಡು ಸಾವಿರ ವರ್ಷ ಮಣ್ಣಿನಲ್ಲಿ ಸುರಕ್ಷಿತವಾಗಿ ಮಲಗಿದ್ದವನು ಅರ್ಧ ಗಂಟೆಯಲ್ಲಿ ಮೂಸೆಯೊಳಗೆ ಮಾಯವಾದ ಹಾಗಾಯಿತು.

ಎಲ್ಲಿಯ ರೋಮು, ಎಲ್ಲಿಯ ದುರ್ಗ ಎಂದು ನಗುವವರು ಬೆಟ್ಟದ ಬುಡದ ಚಂದ್ರವಳ್ಳಿಯವರೆಗೆ ಒಮ್ಮೆ ನಡೆದು ಹೋಗಿ ಬರಬೇಕು. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಅಲ್ಲಿ ಅಗೆಸಿದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಸಾಹೇಬರು ಅಗೆಸಿದರು. ಶಾತವಾಹನರ ಸೀಸದ ನಾಣ್ಯಗಳ ಊರಾದ ಆ ಕಣಿವೆಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಬೆಂಗಳೂರಿಗೆ ಬಸ್ಸು ಹತ್ತುವವರು ದಾಟಿ ಹೋಗುವ ಯಶವಂತಪುರದಲ್ಲಿ ೧೮೯೧ರಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆದಾಗ ಸಿಕ್ಕಿದ್ದು ೧೬೩ ರೋಮನ್ ಬೆಳ್ಳಿ ನಾಣ್ಯ. ಎಚ್.ಎ.ಎಲ್. ವಿಮಾನ ನಿಲ್ದಾಣದ ನೆಲದಲ್ಲಿ ೧೯೬೫ರಲ್ಲಿ ಸಿಕ್ಕಿದ್ದು ೨೫೬. ಹಾವೇರಿ ಕಡೆಯ ಅಕ್ಕಿಆಲೂರಿನಲ್ಲಿ ಸಿಕ್ಕಿದ್ದಂತೂ ಚಿನ್ನ. ಆದ್ದರಿಂದ ಪಾಯ ತೆಗೆಯುವ ರೈತನ ಕುಡಿಕೆ ಅಂಗಡಿ ಕಟ್ಟೆಯ ಕಟ್ಟುಕತೆಯಲ್ಲ.

ಈ ದುಡ್ಡು ಇಲ್ಲಿಗೆ ಬಂದದ್ದು ವ್ಯಾಪಾರದಿಂದ. ಮೆಣಸು, ನಯವಾದ ಹತ್ತಿಬಟ್ಟೆ, ದಂತ, ಹರಳು ಇವೆಲ್ಲ ಪಶ್ಚಿಮ ಕರಾವಳಿಯಿಂದ ಹಡಗು ಹತ್ತಿ ಹೋಗುತ್ತಿದ್ದವು. ಬದಲಿಗೆ ಬೆಳ್ಳಿ, ಚಿನ್ನ ಬರುತ್ತಿದ್ದವು. ಪ್ಲಿನಿ ಎಂಬ ರೋಮಿನ ವಿದ್ವಾಂಸ, ಕ್ರಿ.ಶ. ೭೯ರಲ್ಲಿ ಜ್ವಾಲಾಮುಖಿ ಸಿಡಿದಾಗ ಸತ್ತವನು, ಇಂಡಿಯಾ ದೇಶ ವರ್ಷವರ್ಷವೂ ೫ ಕೋಟಿ ಸೆಸ್ಟರ್ಸ್ ನುಂಗಿಹಾಕುತ್ತಿದೆ ಎಂದು ತನ್ನ ಪುಸ್ತಕದಲ್ಲಿ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ಬೆಳ್ಳಿ ಡಿನೇರಿಯಸ್. ಲೆಕ್ಕ ಹೆಚ್ಚೋ ಕಡಿಮೆಯೋ, ಗೊಣಗಾಟವಂತೂ ನಿಜ. ವಿದೇಶಿ ವಿನಿಮಯ ಹೊರಗೆ ಹೋಯಿತು ಅಂತ ಬಾಯಿ ಬಡಿದುಕೊಳ್ಳುವುದು ಇವತ್ತಿನ ಖಾಯಿಲೆಯೇನಲ್ಲ ನೋಡಿ.

ಗಲ್ಲಾದ ಮುಂದೆ ಕೂತವರಿಗೆ ಥಟ್ಟನೆ ಅರ್ಥವಾಗುವ ಸಂಗತಿ ಇನ್ನೊಂದಿದೆ. ದಕ್ಷಿಣ ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿಯಲ್ಲಿ ಬಹುಪಾಲು ಆಗಸ್ಟಸ್ ಮತ್ತು ಟೈಬೀರಿಯಸರದು. ಆಮೇಲಿನವರದು ಕಡಿಮೆ. ಯಾಕೆ? ಕ್ರಿ.ಶ. ೬೪ರಲ್ಲಿ ನೀರೋ ಎಂಬ ಚಕ್ರವರ್ತಿ ಬೆಳ್ಳಿ ನಾಣ್ಯಕ್ಕೆ ಕೈ ಹಾಕಿದ. ಒಂದು ರೋಮನ್ ಪೌಂಡು ಬೆಳ್ಳಿಗೆ ೮೪ ನಾಣ್ಯ ಹೊಡೆಯುತ್ತಿದ್ದುದನ್ನು ೯೬ ಮಾಡಿದ. ಸಾಲದು ಅಂತ ಬೆಳ್ಳಿಗೆ ತಾಮ್ರ ಬೆರೆಸಿದ. ರೋಮಿನೊಳಗೆ ಚಕ್ರವರ್ತಿಯ ಮಾತಿಗೆ ಎದುರಿಲ್ಲ. ಆದರೆ ಇಲ್ಲಿಯ ವ್ಯಾಪಾರಿ ಅವನ ಪ್ರಜೆಯಲ್ಲವಲ್ಲ! ತೂಗಿ ನೋಡಿದ, ಉಜ್ಜಿ ನೋಡಿದ, ಹಳೇ ದುಡ್ಡು ಇದ್ರೆ ಕೊಡಿ ಅಂದಿರಬೇಕು. ಇಲ್ಲಿಯ ಕುಡಿಕೆಗಳಲ್ಲಿ ಹಳೆಯ ಶುದ್ಧ ಬೆಳ್ಳಿಯೇ ತುಂಬಿರುವುದಕ್ಕೆ ಬಲ್ಲವರು ಕೊಡುವ ಮುಖ್ಯ ಕಾರಣ ಇದೇ.

ಇಂಥ ನಾಣ್ಯ ಕೂಡಿಸುವ ಹುಚ್ಚು ಹೊಸದಲ್ಲ. ಸ್ವತಃ ಆಗಸ್ಟಸ್ ಚಕ್ರವರ್ತಿ ಹಬ್ಬದ ದಿನ ಹಳೆಯ ರಾಜರ ನಾಣ್ಯ, ಪರದೇಶದ ನಾಣ್ಯಗಳನ್ನು ಉಡುಗೊರೆ ಕೊಡುತ್ತಿದ್ದನಂತೆ. ಇಟಲಿಯ ಕವಿ ಪೆಟ್ರಾರ್ಕ್ ೧೩೫೪ರಲ್ಲಿ ಜರ್ಮನಿಯ ದೊರೆ ನಾಲ್ಕನೆಯ ಚಾರ್ಲ್ಸನಿಗೆ ರೋಮನ್ ನಾಣ್ಯಗಳನ್ನು ಕೈಗಿತ್ತು, ಇವರಂತೆ ಆಳು ಎಂದು ಬುದ್ಧಿ ಹೇಳಿದ. ಇವತ್ತಿಗೂ ಜಗತ್ತಿನ ತುಂಬ ಸಂಗ್ರಾಹಕರಿದ್ದಾರೆ. ಜೂಲಿಯಸ್ ಸೀಸರನಿಂದ ಡೊಮಿಷಿಯನ್‌ವರೆಗೆ ಹನ್ನೆರಡು ತಲೆಗಳನ್ನು ಪೂರ್ತಿ ಮಾಡಬೇಕು ಅಂತ ಕೆಲವರ ಹಟ. ಕ್ರಿ.ಶ. ೬೯ರಲ್ಲಿ ಬರೀ ಮೂರು ತಿಂಗಳು ಆಳಿದ ಓಥೋ ಬಂದಾಗ ಅವರ ಜೇಬಿಗೆ ತೂತು ಬೀಳುತ್ತದೆ. ಮೂರು ತಿಂಗಳಲ್ಲಿ ಎಷ್ಟು ನಾಣ್ಯ ಹೊಡೆಸಿಯಾನು? ಸರಕು ಕಡಿಮೆ, ಗಿರಾಕಿ ಜಾಸ್ತಿ.

ಟೈಬೀರಿಯಸನ ಬೆಳ್ಳಿಗೆ ಇನ್ನೊಂದು ಕಾರಣಕ್ಕೆ ಬೆಲೆ. ಹಳೆಯ ನಾಲ್ಕಾಣೆಯಷ್ಟು ಅಗಲ, ನಾಲ್ಕು ಗ್ರಾಮಿಗೆ ಒಂಚೂರು ಕಡಿಮೆ ತೂಕ. ಒಂದು ಕಡೆ ಎಲೆಯ ಕಿರೀಟ ತೊಟ್ಟ ದೊರೆಯ ತಲೆ, ಇನ್ನೊಂದು ಕಡೆ ಕೊಂಬೆ ಹಿಡಿದು ಕೂತ ಹೆಂಗಸು. ಅವಳು ದೊರೆಯ ತಾಯಿ ಲಿವಿಯಾ ಇರಬೇಕೆಂದು ಹಲವರ ಊಹೆ. ತೆರಿಗೆಯ ಮಾತು ಬಂದಾಗ ಏಸುಕ್ರಿಸ್ತ ತರಿಸಿ ತೋರಿಸಿದ ನಾಣ್ಯ ಇದೇ ಎಂದು ಕ್ರೈಸ್ತ ದೇಶಗಳಲ್ಲಿ ನಂಬಿಕೆ. ಅದಕ್ಕೇ ಒಳ್ಳೆಯ ಸ್ಥಿತಿಯಲ್ಲಿದ್ದರೆ ಒಂದೊಂದಕ್ಕೂ ಹತ್ತಾರು ಸಾವಿರ ರೂಪಾಯಿ ಕೊಡುವವರಿದ್ದಾರೆ. ಅಕ್ಕಸಾಲಿಯ ತಕ್ಕಡಿಯಲ್ಲಿ ಅದು ನಾಲ್ಕು ಗ್ರಾಮೂ ಇಲ್ಲದ ಬೆಳ್ಳಿ, ಅಷ್ಟೇ.

ಬೆಲೆ ಇದ್ದಲ್ಲಿ ಖೋಟಾ ಇದ್ದೇ ಇರುತ್ತದೆ. ಜರ್ಮನಿಯಲ್ಲಿ ಕಾರ್ಲ್ ಬೆಕರ್ ಎಂಬ ಮಹಾಶಯ ಇನ್ನೂರು ವರ್ಷದ ಹಿಂದೆ ಹೊಸದಾಗಿ ಹೊಡೆದ 'ಹಳೆ' ನಾಣ್ಯಗಳನ್ನು ಕಬ್ಬಿಣದ ಅರದ ಪುಡಿಯ ಜೊತೆ ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಯನ್ನು ಕುದುರೆ ಗಾಡಿಯ ಅಚ್ಚಿಗೆ ಕಟ್ಟಿ ಊರೂರು ಸುತ್ತುತ್ತಿದ್ದ. ಗಾಡಿ ಕುಲುಕಿದಷ್ಟೂ ನಾಣ್ಯಕ್ಕೆ ವಯಸ್ಸು. ಹಳ್ಳಿ ರೂಟಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬರುವವರಿಗೆ ಈ ವಿದ್ಯೆ ಬಿಡಿಸಿ ಹೇಳಬೇಕಾಗಿಲ್ಲ.

ಖೋಟಾ ಬಿಡಿ, ಅಸಲಿಗೂ ಒಂದು ಕುತ್ತು ಇದೆ. ನಾಣ್ಯ ಎಲ್ಲಿ, ಯಾವ ಆಳದಲ್ಲಿ, ಯಾವ ಮಡಕೆಯಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದು ಗೊತ್ತಿದ್ದರೆ ಅದು ಸಾಕ್ಷಿ. ಗೊತ್ತಿಲ್ಲದಿದ್ದರೆ ಚೆಂದದ ಬಿಲ್ಲೆ. ಟೈಬೀರಿಯಸ್ ಆಳಿದ್ದು ಕ್ರಿ.ಶ. ೧೪ರಿಂದ ೩೭. ಅವನ ನಾಣ್ಯ ಬಿದ್ದ ಮಣ್ಣಿನ ಪದರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಅದೇ ಪದರದ ಮಡಕೆ, ಮಣಿ, ಗೋಡೆ ಎಲ್ಲಕ್ಕೂ ಒಂದು ಕಾಲದ ಗುರುತು ಸಿಕ್ಕಂತಾಯಿತು. ಶಾಸನವಿಲ್ಲದ ಕಡೆ ಒಂದು ಜಿಲ್ಲೆಯ ಹಳೆಯ ಲೆಕ್ಕ ನಿಲ್ಲುವುದೇ ಇಂಥ ಚೂರುಗಳ ಮೇಲೆ. ರೈತನ ಒಂಬತ್ತು ಬಿಲ್ಲೆ ಕರಗಿದರೆ ಹೋಗುವುದು ಮೂವತ್ತು ಚಿಲ್ಲರೆ ಗ್ರಾಮು ಬೆಳ್ಳಿಯಲ್ಲ, ಅವನ ಊರಿನ ವಯಸ್ಸು.

ಹೀಗೆ ಕಳೆದುಕೊಂಡಿದ್ದು ಕಡಿಮೆಯೇ? ೧೮೪೭ರಲ್ಲಿ ಕೇರಳದ ಕಣ್ಣೂರಿನ ಹತ್ತಿರ ಸಿಕ್ಕ ರೋಮನ್ ಚಿನ್ನ ಐದು ಕೂಲಿಯಾಳುಗಳ ಹೊರೆಯಷ್ಟಿತ್ತು ಎಂದು ಆ ಕಾಲದವರು ಬರೆದಿದ್ದಾರೆ. ಎಲ್ಲ ಕಂಡವರ ಪಾಲಾಯಿತು. ದಾಖಲೆಗೆ ಉಳಿದದ್ದು ಒಂದು ಹಿಡಿ. ಸಂಗ್ರಾಹಕನೇ ಕೆಟ್ಟವನು ಎನ್ನುವಂತೆಯೂ ಇಲ್ಲ. ತಮಿಳುನಾಡಿನ ಕರೂರು, ಮಧುರೆಗಳಲ್ಲಿ ಸಿಗುವ ಸಣ್ಣಸಣ್ಣ ರೋಮನ್ ತಾಮ್ರದ ಕಾಸುಗಳನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. 'ದಿನಮಲರ್' ಪತ್ರಿಕೆಯ ಸಂಪಾದಕರಾಗಿದ್ದ ಆರ್. ಕೃಷ್ಣಮೂರ್ತಿ ಅವರು ಅವನ್ನು ಒಂದೊಂದಾಗಿ ಕೂಡಿಸಿ, ಓದಿ, ಎಲ್ಲಿಯದು ಎಂದು ಗುರುತು ಮಾಡಿ ೧೯೯೪ರಲ್ಲಿ ಪುಸ್ತಕ ಮಾಡಿದರು. ಅವರು ಕೂಡಿಸದಿದ್ದರೆ ಅವು ಪಾತ್ರೆ ಅಂಗಡಿಗೆ ಹೋಗುತ್ತಿದ್ದವು. ಒಬ್ಬ ಸಂಗ್ರಾಹಕ 'ಎಲ್ಲಿ ಸಿಕ್ತು?' ಅಂತ ಕೇಳಿ ಬರೆದಿಡುತ್ತಾನೆ. ಇನ್ನೊಬ್ಬ, ಕೇಳಿದರೆ ತಂಟೆ ಎಂದು ಬೇಕೆಂದೇ ಕೇಳುವುದಿಲ್ಲ. ಎರಡನೆಯವನು ಎಷ್ಟು ದುಡ್ಡು ಸುರಿದರೂ ಅವನು ಮಾಡುವುದು ಮೂಸೆಯ ಕೆಲಸವೇ. ತಲೆಯೊಂದನ್ನು ಉಳಿಸಿ ಊರನ್ನು ಅಳಿಸುತ್ತಾನೆ.

ಇನ್ನು ಕಾನೂನು. ಬ್ರಿಟಿಷರು ೧೮೭೮ರಲ್ಲಿ ಮಾಡಿದ ನಿಧಿ ಕಾಯ್ದೆ ದೇಶದಲ್ಲಿ ಇನ್ನೂ ಬದುಕಿದೆ. ಹತ್ತು ರೂಪಾಯಿಗಿಂತ ಹೆಚ್ಚಿನ ನಿಧಿ ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು, ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಕೊಡಬೇಕಾದ ಬೆಲೆ ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಪಾಲು. ಗಮನಿಸಿ, ನಾಣ್ಯದ ಬೆಲೆ ಅಲ್ಲ, ಲೋಹದ ಬೆಲೆ! ಕಾಯ್ದೆಯೂ ಅಕ್ಕಸಾಲಿಯ ತಕ್ಕಡಿಯನ್ನೇ ಹಿಡಿದು ಕೂತಿದೆ. ಈ ರಾಜ್ಯಕ್ಕೆ ೧೯೬೨ರದೇ ಒಂದು ನಿಧಿ ಕಾಯ್ದೆ ಇದೆ. ಅದರ ಮೇಲೆ ೧೯೭೨ರ ಪುರಾತನ ವಸ್ತುಗಳ ಕಾಯ್ದೆ. ಅದರ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಎಲ್ಲ ಸರಿ. ಆದರೆ ಹಳ್ಳಿಯ ಮನುಷ್ಯನ ಕಿವಿಗೆ ಇವೆಲ್ಲ ಒಂದೇ ಮಾತಾಗಿ ಬೀಳುತ್ತದೆ: "ಹೇಳಿದ್ರೆ ಪೊಲೀಸ್ನೋರು ಬರ್ತಾರೆ, ಕೈಗೆ ಏನೂ ಸಿಗಲ್ಲ." ಅಂಥವನು ಯಾಕೆ ಬಾಯಿ ಬಿಟ್ಟಾನು?

ಇಂಗ್ಲೆಂಡಿನಲ್ಲೂ ರೋಮನ್ನರ ದುಡ್ಡು ನೆಲದ ತುಂಬ ಇದೆ. ಅಲ್ಲಿಯೂ ಜನ ದೇವತೆಗಳೇನಲ್ಲ. ಅವರು ೧೯೯೬ರಲ್ಲಿ ಹೊಸ ಕಾಯ್ದೆ ಮಾಡಿದರು. ವಸ್ತುವನ್ನು ಮ್ಯೂಸಿಯಂ ತೆಗೆದುಕೊಂಡರೆ ಮಾರುಕಟ್ಟೆಯ ಬೆಲೆ ಕಟ್ಟಿ, ಸಿಕ್ಕವನಿಗೂ ಜಮೀನಿನವನಿಗೂ ಇನಾಮು ಕೊಡುತ್ತಾರೆ. ಫಲ ಏನಾಯಿತು? ೨೦೧೦ರಲ್ಲಿ ಫ್ರೋಮ್ ಎಂಬ ಊರಿನ ಹತ್ತಿರ, ಆಸ್ಪತ್ರೆಯಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಮನುಷ್ಯನೊಬ್ಬನಿಗೆ ಹೊಲದಲ್ಲಿ ಒಂದು ಗಡಿಗೆ ಸಿಕ್ಕಿತು. ಮೇಲಿನ ಕೆಲವು ನಾಣ್ಯ ಕಂಡದ್ದೇ ತಡ, ಅವನು ಅಗೆಯುವುದನ್ನು ನಿಲ್ಲಿಸಿ ಪುರಾತತ್ವದವರಿಗೆ ಹೇಳಿ ಕಳಿಸಿದ. ಅವರು ಬಂದು ಪದರ ಪದರವಾಗಿ ಬಿಡಿಸಿದರು. ಇದ್ದದ್ದು ೫೨,೫೦೩ ನಾಣ್ಯ. ಒಂದೇ ಗಡಿಗೆಯಲ್ಲಿ! ಮೇಲಿನದು ಯಾವುದು, ತಳದ್ದು ಯಾವುದು ಎಂಬುದೂ ದಾಖಲೆಯಾಯಿತು. ಊರ ಸೀಮೆಯ ಮ್ಯೂಸಿಯಂ ಮೂರು ಲಕ್ಷ ಇಪ್ಪತ್ತು ಸಾವಿರ ಪೌಂಡು ಕೊಟ್ಟು ಕೊಂಡಿತು. ಆ ಅಡುಗೆಯವನ ಪ್ರಾಮಾಣಿಕತೆಯನ್ನು ಹೊಗಳಬೇಕಾದ್ದೇ. ಜೊತೆಗೆ, ಪ್ರಾಮಾಣಿಕತೆಯಿಂದ ನಷ್ಟವಾಗದಂತೆ ನೋಡಿಕೊಂಡ ಕಾಯ್ದೆಯನ್ನೂ ಹೊಗಳಬೇಕು.

ಇಲ್ಲಿ ಅಷ್ಟು ದುಡ್ಡು ಎಲ್ಲಿಂದ ತರೋದು ಸ್ವಾಮಿ ಎಂದು ಸರ್ಕಾರದ ಕಡೆಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲ ನಾಣ್ಯವನ್ನೂ ಸರ್ಕಾರವೇ ಕೊಳ್ಳಬೇಕೆಂದೇನೂ ಇಲ್ಲ. ಬೇಕಾದ್ದನ್ನು ನ್ಯಾಯಬೆಲೆಗೆ ಇಟ್ಟುಕೊಳ್ಳಲಿ. ಬೇಡದ್ದರ ಫೋಟೋ, ತೂಕ, ಊರು, ಸರ್ವೆ ನಂಬರು ಬರೆದುಕೊಂಡು, ಒಂದು ಚೀಟಿ ಕೊಟ್ಟು ವಾಪಸು ಮಾಡಲಿ. ಚೀಟಿ ಇದ್ದ ನಾಣ್ಯಕ್ಕೆ ಸಂಗ್ರಾಹಕನೂ ಹೆಚ್ಚು ಬೆಲೆ ಕೊಡುತ್ತಾನೆ, ಖೋಟಾದ ಭಯವೂ ಕಡಿಮೆ. ಬ್ಯಾಂಕಿನಲ್ಲಿ ಒಡವೆ ಅಡವಿಟ್ಟು ಚೀಟಿ ತರುವ ಜನಕ್ಕೆ ಇದೇನು ಬ್ರಹ್ಮವಿದ್ಯೆಯಲ್ಲ.

ದುರ್ಗದಲ್ಲಂತೂ ಇದಕ್ಕೆ ಹೊಸ ಕಟ್ಟಡವೂ ಬೇಡ. ರಂಗಯ್ಯನ ಬಾಗಿಲ ಹತ್ತಿರ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಅಲ್ಲಿ ಒಂದು ಮೇಜು, ಒಂದು ರಿಜಿಸ್ಟರು, ತೂಗುವ ಸಣ್ಣ ತಕ್ಕಡಿ, ಹಳೆಯ ಲಿಪಿ ಓದಬಲ್ಲ ಒಬ್ಬರು. 'ಇಲ್ಲಿ ತೋರಿಸಿದವರನ್ನು ಹಿಡಿಯುವುದಿಲ್ಲ' ಎಂದು ದೊಡ್ಡ ಅಕ್ಷರದ ಬೋರ್ಡು. ಆಮೇಲೆ ಅಕ್ಕಸಾಲಿ ಅಂಗಡಿಗಳಿಗೆ ನಾಲ್ಕು ನಾಣ್ಯದ ಚಿತ್ರವಿರುವ ಒಂದು ಹಾಳೆ ಹಂಚಿದರೆ, ಕ್ಯಾಲೆಂಡರಿನ ಪಕ್ಕದಲ್ಲಿ ಅದೂ ನೇತಾಡುತ್ತಿರುತ್ತದೆ. ಮೂಸೆಗೆ ಹಾಕುವ ಮೊದಲು ಒಮ್ಮೆ ಕಣ್ಣೆತ್ತಿ ನೋಡಿದರೆ ಸಾಕು.

ಅಂಗಡಿಯವರೂ ಒಂದು ಮಾತು ಕೇಳಬೇಕು. ಹಳೆಯ ಬಿಲ್ಲೆ ಕೈಗೆ ಬಂದರೆ ಹುಣಸೆಹಣ್ಣು ಹಾಕಿ ತಿಕ್ಕಬಾರದು. ಫಳಫಳ ಹೊಳೆದರೆ ಗಿರಾಕಿಗೆ ಖುಷಿ, ಆದರೆ ಅಕ್ಷರ ಸವೆದು ಬೆಲೆ ಅರ್ಧಕ್ಕೆ ಇಳಿಯುತ್ತದೆ. ಬಟ್ಟೆಯಲ್ಲಿ ಸುತ್ತಿ, ಊರು ಯಾವುದು, ಹೊಲ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟು, ತಂದವನನ್ನೇ ಕಚೇರಿಗೆ ಕಳಿಸುವುದು ಮೇಲು. ಕುಡಿಕೆಯನ್ನೂ ಎಸೆಯಬಾರದು, ಒಡೆದಿದ್ದರೂ ಸರಿ.

ಆದರೆ ಕಚೇರಿಯವರು ಹಾಗೆ ಬಂದವನನ್ನು ಬೆಂಚಿನ ಮೇಲೆ ಕೂರಿಸಿ, ಸಾಹೇಬ್ರು ಮೀಟಿಂಗ್‌ನಲ್ಲಿದಾರೆ, ನಾಳೆ ಬಾ ಎನ್ನಬಾರದು. ಅವನಿಗೆ ಊರಿಗೆ ಕೊನೆಯ ಬಸ್ಸು ಸಂಜೆ ಆರಕ್ಕೋ ಆರೂವರೆಗೋ. ಇನ್ನೊಂದು ದಿನದ ಕೂಲಿ ಬಿಟ್ಟು ಅವನು ಮತ್ತೆ ಬರುವುದಿಲ್ಲ. ಆಚಾರ್ರ ಅಂಗಡಿ ಬಸ್ ಸ್ಟ್ಯಾಂಡಿನ ದಾರಿಯಲ್ಲೇ ಇದೆ.