ಹೊನ್ನಿನಲ್ಲಿ ಮೂಡಿದ ರಾಣಿಯರು

ರೋಮ್ ಚಕ್ರಾಧಿಪತ್ಯದ ಚಿನ್ನದ ನಾಣ್ಯದ ಹೆಸರು ಆರಿಯಸ್. ಸುಮಾರು 2 ಸೆಂಟಿಮೀಟರ್ ಅಗಲ, ಏಳೆಂಟು ಗ್ರಾಂ ತೂಕ. ಬೆಲೆಯಲ್ಲಿ 25 ಬೆಳ್ಳಿ ನಾಣ್ಯಗಳಿಗೆ ಸಮ. ದೊರೆಯ ಮುಖ ಪ್ರಾಂತ್ಯ ಪ್ರಾಂತ್ಯಗಳಿಗೂ ತಲುಪುತ್ತಿದ್ದದ್ದು ಹೆಚ್ಚಾಗಿ ನಾಣ್ಯಗಳ ಮೂಲಕ. ಅಂಥ ಕಡೆ ಹೆಣ್ಣೊಬ್ಬಳ ಮುಖ ಮೂಡಿತೆಂದರೆ ಅದರ ಹಿಂದೆ ಅರಮನೆಯ ಲೆಕ್ಕಾಚಾರ ಇದ್ದೇ ಇರುತ್ತಿತ್ತು.

ಕ್ರಿ.ಶ. 54ರಲ್ಲಿ ಪಟ್ಟಕ್ಕೆ ಬಂದಾಗ ನೀರೊಗೆ ಇನ್ನೂ ಹದಿನಾರು ವರ್ಷ. ಆಗಿನ ಆರಿಯಸ್‌ನಲ್ಲಿ ಅವನ ಮುಖವೂ ತಾಯಿ ಅಗ್ರಿಪ್ಪಿನಾಳ ಮುಖವೂ ಎದುರುಬದುರಾಗಿವೆ. ಸುತ್ತ ಕೊರೆದಿರುವುದು ಅವಳ ಹೆಸರು. ಮಗನ ಬಿರುದುಗಳಿಗೆ ಸಿಕ್ಕಿದ್ದು ಹಿಂಬದಿ. ಮರುವರ್ಷ ಇದೆಲ್ಲ ತಿರುವುಮುರುವು. ಮುಂದೆ ಮಗನ ಮುಖ, ಅದರ ಮರೆಯಲ್ಲಿ ತಾಯಿಯದು. ಹಿಂಬದಿಗೆ ಹೋದದ್ದು ಈಗ ಅವಳ ಹೆಸರು. ಆಮೇಲೆ ರೋಮ್‌ನ ಚಿನ್ನದ ಮೇಲೆ ಅವಳು ಕಾಣಿಸಲೇ ಇಲ್ಲ. 59ರಲ್ಲಿ ಮಗನೇ ಅವಳನ್ನು ಕೊಲ್ಲಿಸಿದ.

ಆಂಟೊನಿನಸ್ ಪಯಸ್‌ನ ಹೆಂಡತಿ ಫೌಸ್ಟಿನಾಳದು ಬೇರೆಯೇ ಕತೆ. ಗಂಡ ದೊರೆಯಾದ ಎರಡು ಮೂರು ವರ್ಷಗಳಲ್ಲೇ ಅವಳು ತೀರಿಕೊಂಡಳು. ಸೆನೆಟ್ ಅವಳನ್ನು ದೇವಿ ಎಂದು ಸಾರಿತು; ರೋಮ್‌ನ ನಡುಚೌಕವಾದ ಫೋರಮ್‌ನಲ್ಲಿ ಗುಡಿ ಎದ್ದಿತು. 'ದೇವಿ ಫೌಸ್ಟಿನಾ' ಎಂಬ ಬರಹದ ನಾಣ್ಯಗಳನ್ನು ವರ್ಷಗಟ್ಟಲೆ ಅಚ್ಚು ಹಾಕಿದರು. ಮುಂಬದಿಯಲ್ಲಿ ಹೆಣೆದ ಜಡೆಯನ್ನು ನೆತ್ತಿಯ ಮೇಲೆ ಸುತ್ತಿದ ಪ್ರೌಢ ಮುಖ. ಹಿಂಬದಿಯಲ್ಲಿ ಒಮ್ಮೆ ಪಂಜು ಹಿಡಿದ ಧಾನ್ಯದೇವತೆ ಸೆರೆಸ್, ಒಮ್ಮೆ ಒಲೆಯ ದೇವತೆ ವೆಸ್ಟಾ, ಇನ್ನೊಮ್ಮೆ ಜೂನೊ ದೇವಿಯ ನವಿಲು. ಇವಳ ಚಿನ್ನದ ನಾಣ್ಯ ಆಂಧ್ರದ ನಾಗಾರ್ಜುನಕೊಂಡದವರೆಗೂ ಬಂದಿದೆ.

ಇವರಿಬ್ಬರ ನಾಣ್ಯಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ರೋಮ್‌ನ ಮನಸ್ಸು ತಿಳಿಯುತ್ತದೆ. ಬದುಕಿರುವಾಗ ಅಧಿಕಾರ ಕೇಳಿದವಳನ್ನು ಅದು ಸಹಿಸಲಿಲ್ಲ. ಇನ್ನೇನನ್ನೂ ಕೇಳಲಾರದವಳನ್ನು ದೇವತೆ ಮಾಡಿ ಪೂಜಿಸಿತು. ಆ ಪೂಜೆಯಿಂದ ಸಿಂಹಾಸನಕ್ಕೆ ಯಾವ ಅಪಾಯವೂ ಇರಲಿಲ್ಲ. ದೇವಿಯ ಗಂಡನೆಂಬ ಹಿರಿಮೆ ಮಾತ್ರ ದೊರೆಗೆ ದಕ್ಕಿತು.

ಆದರೂ ಫೌಸ್ಟಿನಾಳ ಒಂದು ಆರಿಯಸ್ ಈ ಲೆಕ್ಕವನ್ನು ಮೀರುತ್ತದೆ. ಹೆಂಡತಿಯ ನೆನಪಿಗೆಂದು ಆಂಟೊನಿನಸ್ ಬಡ ಹೆಣ್ಣುಮಕ್ಕಳ ಪೋಷಣೆಗೆ ದತ್ತಿ ಇಟ್ಟಿದ್ದ. ಆ ನಾಣ್ಯದ ಹಿಂಬದಿಯಲ್ಲಿರುವುದು 'ಫೌಸ್ಟಿನಾಳ ಹುಡುಗಿಯರು' ಎಂಬ ಬರಹ, ವೇದಿಕೆಯ ಮೇಲೆ ದೊರೆ, ಅವನ ಮುಂದೆ ಮಕ್ಕಳನ್ನು ಕರೆತಂದವರು. ಇಲ್ಲಿ ರಾಣಿಯ ಹೆಸರು ಯಾರದೋ ಮನೆಯ ಮಗುವಿಗೆ ಅನ್ನವಾಯಿತು. ಸತ್ತವರಿಗೆ ಸಲ್ಲಿಸುವ ಗೌರವಗಳಲ್ಲಿ ನಾನು ಮನಸಾರೆ ಒಪ್ಪುವುದು ಇದನ್ನೇ.