ಕರಿಬೇವು ಗೊತ್ತಿಲ್ಲದ ಸಸ್ಯಪಂಡಿತರು

ಕಳೆದ ಚಳಿಗಾಲದಲ್ಲಿ ಮುಂಬಯಿಯ ಸಭಾಗೃಹವೊಂದರಲ್ಲಿ ಶಾಲಾಮಕ್ಕಳಿಗಾಗಿ ನಡೆದ ಸಸ್ಯಪರಿಚಯ ಸ್ಪರ್ಧೆಗೆ ನಾವು ಕೆಲವರು ಹೋಗಿದ್ದೆವು. ತೆರೆಯ ಮೇಲೆ ಚಿತ್ರ ಬೀಳುವುದು, ಮಕ್ಕಳು ಹೆಸರು ಬರೆಯುವುದು. ನೂರು ಹೆಸರುಗಳ ಪಟ್ಟಿಯನ್ನು ಮೊದಲೇ ಹಂಚಿದ್ದರಂತೆ. ನಮ್ಮವರ ಮನೆಯ ಹುಡುಗಿಯೊಬ್ಬಳು ‘ಮುರಾಯ ಕೊಯ್ನಿಜಿ’ ಎಂದು ತಪ್ಪಿಲ್ಲದೆ ಬರೆದು ಬಹುಮಾನ ಗೆದ್ದಳು. ನಮಗೂ ಹೆಮ್ಮೆಯೇ. ಹಿಂದಿರುಗುವಾಗ ತರಕಾರಿ ಗಾಡಿಯ ಮುಂದೆ ಅವಳ ತಾಯಿ ‘ಕಡಿಪತ್ತಾ’ ಕೇಳಿದರು. “ನೀನು ಬರೆದದ್ದು ಇದೇ ಗಿಡವಲ್ಲವೇನಮ್ಮಾ?” ಎಂದರೆ ಮಗು ಪಿಳಿಪಿಳಿ ನೋಡಿತು. ಕರಿಬೇವೆಂಬ ಮಾತನ್ನಂತೂ ಅದು ಕೇಳಿಯೇ ಇರಲಿಲ್ಲ.

ಮಗುವನ್ನು ದೂರಿ ಫಲವಿಲ್ಲ. ದೂರಬೇಕಾದದ್ದು ಆ ಸ್ಪರ್ಧೆಯನ್ನು, ಚಪ್ಪಾಳೆ ತಟ್ಟಿ ಬಂದ ನಮ್ಮನ್ನು. ನಮ್ಮ ಸಂಘದಲ್ಲೂ ಬರುವ ವರ್ಷ ಇಂಥದೇ ಒಂದನ್ನು ಏರ್ಪಡಿಸಬೇಕೆಂಬ ಮಾತು ಎದ್ದಿರುವುದರಿಂದ ಈಗಲೇ ಹೇಳಿಬಿಡುತ್ತೇವೆ: ಈ ಮಾದರಿ ನಮಗೆ ಬೇಡ.

ಲ್ಯಾಟಿನ್ ಹೆಸರಿನ ಮೇಲೆ ನಮಗೇನೂ ಹಗೆಯಿಲ್ಲ. ಇಲ್ಲಿಯ ಕಾಂಪೌಂಡುಗಳಲ್ಲಿ ಕಂಬದಂತೆ ನೆಟ್ಟಗೆ ನಿಂತ ಮರವನ್ನು ಎಲ್ಲರೂ ಅಶೋಕವೆನ್ನುತ್ತಾರೆ. ಸೀತೆಯ ಅಶೋಕ ಅದಲ್ಲ. ಅದು ಕಿತ್ತಳೆ-ಕೆಂಪು ಗೊಂಚಲು ಬಿಡುವ ಸರಾಕ ಅಶೋಕ. ಇಂಥ ಗೊಂದಲ ಬಿಡಿಸಲು ಶಾಸ್ತ್ರೀಯ ಹೆಸರೇ ಗತಿ. ಆದರೆ ಬರಿಯ ಹೆಸರನ್ನು ನೆಚ್ಚಿದವರ ಪಾಡೇನು? ಮೈಕೇಲಿಯ ಆಗಿದ್ದ ಸಂಪಿಗೆ ಮ್ಯಾಗ್ನೋಲಿಯ ಆಯಿತು. ನಮ್ಮ ಹುಡುಗಿಯ ಕರಿಬೇವನ್ನೇ ಅನೇಕ ಸಸ್ಯಶಾಸ್ತ್ರಜ್ಞರು ಈಗ ಬೆರ್ಗೆರ ಎನ್ನುತ್ತಾರೆ. ಎಲೆಯನ್ನು ಕಿವುಚಿ ಮೂಸಿದವನಿಗೆ ಹೆಸರು ಬದಲಾದರೂ ಗಿಡ ತಪ್ಪದು.

ಅಮೆರಿಕದಲ್ಲಿ ಕೃಷಿ ಕಲಿಯುವ ಶಾಲಾಮಕ್ಕಳಿಗೆ ಎಫ್.ಎಫ್.ಎ. ಎಂಬ ಸಂಸ್ಥೆ ನರ್ಸರಿ ಸ್ಪರ್ಧೆ ನಡೆಸುತ್ತದೆ. ಗಿಡದ ಜೊತೆಗೆ ಕೀಟ, ರೋಗ, ಸಲಕರಣೆಗಳನ್ನೂ ಅಲ್ಲಿ ಗುರುತಿಸಬೇಕು, ಕೈಕೆಲಸಕ್ಕೂ ಅಂಕಗಳುಂಟು. ಅಷ್ಟು ದೂರವಾದರೂ ಏಕೆ? ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡಿಗೇ ಕರೆದೊಯ್ದರು. ಆ ತಿರುಗಾಟದಿಂದ ಹುಟ್ಟಿದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ನಮ್ಮ ಹಾಗೆಯೇ ಹೊರನಾಡಿನಲ್ಲಿದ್ದ ಮೇಷ್ಟ್ರು ಅವರು. ಅವರ ಪುಸ್ತಕ ನಮ್ಮ ಕಪಾಟುಗಳಲ್ಲಿದೆ, ಅವರ ದಾರಿ ಮಾತ್ರ ನಮಗೆ ಬೇಡವಾಗಿದೆ.

ಆದ್ದರಿಂದ ಸ್ಪರ್ಧೆ ನಡೆಸುವುದಾದರೆ ಚಿತ್ರ ಬೇಡ, ರೆಂಬೆ ಬರಲಿ. ಮುಟ್ಟಲಿ, ಮೂಸಲಿ. ಕನ್ನಡದ ಹೆಸರಿಗೆ ಲ್ಯಾಟಿನ್ನಿನಷ್ಟೇ ಅಂಕವಿರಲಿ. ಜೂನ್ ತಿಂಗಳಲ್ಲಿ ಪ್ರತಿ ಮಗುವಿಗೂ ದಾಸವಾಳದ ಒಂದು ಕಡ್ಡಿ ಕೊಡೋಣ, ರಾಜ್ಯೋತ್ಸವಕ್ಕೆ ಕುಂಡದೊಡನೆ ಬರಲಿ. ಚಿಗುರಿನಲ್ಲಿ ಬಿಳಿಯ ಹಿಟ್ಟು ತಿಗಣೆ ಕಂಡು ಅದೇನೆಂದು ಹೇಳಬಲ್ಲ ಮಗುವಿಗೆ ಅಂಕ ಹೆಚ್ಚಿಗೆ ಸಲ್ಲಲಿ. ಕಡ್ಡಿ ಸತ್ತುಹೋಗಿ, ನೀರು ನಿಂತು ಕೊಳೆಯಿತೆಂದು ಕಾರಣ ಹೇಳಿದವರಿಗೂ ಅಂಕವುಂಟು.

ಚಾಳಿನ ಖೋಲಿಯಲ್ಲಿ ಜಾಗವೆಲ್ಲಿ ಎನ್ನುವವರು ತಮ್ಮ ಕಿಟಕಿಯ ಗ್ರಿಲ್ಲಿನಲ್ಲಿ ತುಳಸಿ ಎಲ್ಲಿದೆಯೋ ಅದರ ಪಕ್ಕ ನೋಡಲಿ. ತೀರ್ಪುಗಾರರು ಸಿಗುವುದಿಲ್ಲವೆಂದು ಸಮಿತಿಯ ಒಬ್ಬ ಮಿತ್ರರು ಚಿಂತಿಸುತ್ತಿದ್ದರು. ಮಗನ ಮನೆಗೆಂದು ಊರಿನಿಂದ ಬಂದು, ಮಾತಿಗೆ ಜನವಿಲ್ಲದೆ ಬಾಲ್ಕನಿಯಲ್ಲಿ ಕೂತಿರುವ ಅಜ್ಜಿಯಂದಿರು ನಮ್ಮಲ್ಲಿ ಎಷ್ಟು ಮಂದಿ! ಪ್ರೊಫೆಸರರ ಪಕ್ಕದಲ್ಲಿ ಅವರಿಗೂ ಒಂದೊಂದು ಕುರ್ಚಿ ಹಾಕಿಸಿ.