ಬೆಲೆ ಬರೆದಿಡದ ಆಸ್ತಿ

ಪೊಲೀಸು ಠಾಣೆಯ ಮೇಜಿನ ಮುಂದೆ ಕುಳಿತು ನಾನು ಉತ್ತರ ಹೇಳಲಾರದೆ ಹೋದ ಪ್ರಶ್ನೆ ಒಂದೇ. ಗಾಡಿಯ ಸಂಖ್ಯೆ ಹೇಳಿದೆ, ಬಣ್ಣ ಹೇಳಿದೆ, ಎಲ್ಲಿ ನಿಲ್ಲಿಸಿದ್ದೆ, ಕೊನೆಯ ಸಲ ಕಂಡದ್ದು ಯಾವಾಗ ಎಂಬುದನ್ನೂ ಹೇಳಿದೆ. ಬರೆದುಕೊಳ್ಳುತ್ತಿದ್ದವರು ತಲೆಯೆತ್ತದೆಯೇ ಕೇಳಿದರು: “ಬೆಲೆ ಎಷ್ಟು?” ಅಷ್ಟು ವರ್ಷ ತರಗತಿಯಲ್ಲಿ ಶಬ್ದಾರ್ಥಗಳನ್ನು ವಿವರಿಸುತ್ತ ಬಂದಿದ್ದ ನನಗೆ ಆ ಒಂದು ಶಬ್ದದ ಅರ್ಥ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಕಳೆದುಹೋದದ್ದು 1965ರ ಒಂದು ಫಿಯೆಟ್ 1100. ನನ್ನ ತಾಯಿಯ ತಂದೆ ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ವೈದ್ಯರಾಗಿದ್ದರು. ಅಪರಾತ್ರಿಯಲ್ಲಿ ಹೆರಿಗೆಗೆ ಕರೆ ಬಂದರೆ ಅವರನ್ನು ಹೊತ್ತು ನಡೆದದ್ದು ಆ ಕಾರು. ಅದರ ಹಿಂದಿನ ಆಸನದಲ್ಲಿಯೇ ಹುಟ್ಟಿದ ಇಬ್ಬರು ಇಂದಿಗೂ ಆ ಊರಿನಲ್ಲಿದ್ದಾರೆ. ಅಜ್ಜನ ಕಾಲಾನಂತರ ಅದು ನಮ್ಮ ಮನೆಗೆ ಬಂದಿತು. ಆಯುಧಪೂಜೆಯ ದಿನ ಹೂವು ಕುಂಕುಮಗಳನ್ನು ಧರಿಸಿ, ನಿಂಬೆಹಣ್ಣುಗಳನ್ನು ತುಳಿದು, ಊರನ್ನೊಂದು ಸುತ್ತು ಹಾಕಿ ಬರುತ್ತಿತ್ತು. 2019ರ ಮಳೆಗಾಲದ ಒಂದು ಬೆಳಗ್ಗೆ ಎದ್ದು ನೋಡಿದರೆ ಕಾರಿಲ್ಲ. ಅಂಗಳವೆಲ್ಲ ತೊಯ್ದಿದ್ದರೂ ಅದು ನಿಲ್ಲುತ್ತಿದ್ದಷ್ಟು ನೆಲ ಮಾತ್ರ ಒಣಗಿತ್ತು. ಕಳ್ಳರು ಮಳೆ ನಿಲ್ಲುವವರೆಗೆ ಕಾದಿದ್ದರು!

ವಿಮೆಯ ಕಾಗದವಿದೆಯೆಂಬ ಧೈರ್ಯವೊಂದಿತ್ತು. ಪೆಟ್ಟಿಗೆಯಿಂದ ತೆಗೆದು, ಮೊಟ್ಟಮೊದಲ ಬಾರಿಗೆ ಅದನ್ನು ಓದಿದೆ. ಪ್ರಾಚೀನ ಶಾಸನಗಳ ಒಂದೊಂದು ಅಕ್ಷರಕ್ಕೂ ತಲೆ ಕೆಡಿಸಿಕೊಳ್ಳುವ ನಾವು, ನಮ್ಮ ಹೆಸರಿನಲ್ಲಿಯೇ ಬರೆದ ಪತ್ರವನ್ನು ಓದುವುದಿಲ್ಲವೆಂಬುದು ವಿಚಿತ್ರ. ಅದು ಮೂರನೆಯವರ ಹಾನಿಗಾಗಿ ಮಾತ್ರ ಮಾಡಿಸಿದ ವಿಮೆ. 1988ರ ಮೋಟಾರು ವಾಹನ ಕಾಯಿದೆ ಕಡ್ಡಾಯ ಮಾಡಿರುವುದು ಅದೊಂದನ್ನೇ. ನನ್ನ ಕಾರು ಇನ್ನೊಬ್ಬರಿಗೆ ಹಾಯ್ದರೆ ಅವರಿಗೆ ಪರಿಹಾರವುಂಟು. ನನ್ನ ಕಾರನ್ನೇ ಇನ್ನೊಬ್ಬರು ಹೊಡೆದುಕೊಂಡು ಹೋದರೆ ನನಗೆ ಏನೂ ಇಲ್ಲ. ಹಳೆಯ ಗಾಡಿಗೆ ಇಷ್ಟೇ ಸಾಕೆಂದು, ವರ್ಷಕ್ಕೆ ಕೆಲವು ನೂರು ರೂಪಾಯಿಗಳನ್ನು ಉಳಿಸಲು, ಹಾಗೆ ಮಾಡಿಸಿದವನು ನಾನೇ.

ಪೂರ್ಣ ವಿಮೆ ಮಾಡಿಸಿದ್ದರೆ ತಾನೆ ಸಿಗುತ್ತಿದ್ದುದೆಷ್ಟು? ನಮ್ಮ ದೇಶದ ಪದ್ಧತಿಯಲ್ಲಿ, ವಾಹನ ಕಳವಾದರೆ ಪತ್ರದಲ್ಲಿ ಘೋಷಿಸಿರುವ ಮೌಲ್ಯವೇ ಪರಿಹಾರದ ಮೇಲ್ಮಿತಿ. ಹೊಸ ಗಾಡಿಗೆ ಇದರ ಲೆಕ್ಕ ಸುಲಭ. ಆರು ತಿಂಗಳೊಳಗೆ ಬೆಲೆಯಲ್ಲಿ ನೂರಕ್ಕೆ 5ರಷ್ಟನ್ನು ಕಳೆಯುತ್ತಾರೆ. ಐದನೆಯ ವರ್ಷಕ್ಕೆ ನೂರಕ್ಕೆ 50ರಷ್ಟು ಹೋಗಿರುತ್ತದೆ. ಐದು ವರ್ಷ ದಾಟಿದ ಮೇಲೆ ಪಟ್ಟಿ ಮೌನ ತಾಳುತ್ತದೆ: ವಿಮೆಗಾರರೂ ಮಾಲೀಕರೂ ಪರಸ್ಪರ ಒಪ್ಪಿದ್ದೇ ಮೌಲ್ಯ. ಈ ಮೌನದಲ್ಲಿಯೇ ಹಳೆಯ ಕಾರಿನ ಅಳಿವು ಉಳಿವುಗಳೆರಡೂ ಅಡಗಿವೆ. ಮಾಲೀಕನು ಬಾಯಿ ಬಿಡದಿದ್ದರೆ ಎದುರಿನವರು ಕಬ್ಬಿಣದ ತೂಕದ ಬೆಲೆ ಬರೆಯುತ್ತಾರೆ. ಕಂತು ಕಡಿಮೆಯಾಯಿತೆಂದು ಮಾಲೀಕನೂ ಸಂತೋಷದಿಂದ ಸಹಿ ಹಾಕುತ್ತಾನೆ. ಬಾಯಿ ಬಿಟ್ಟರೆ, ಆಧಾರ ತೋರಿಸಿದರೆ, ನ್ಯಾಯವಾದ ಮೊತ್ತವನ್ನು ಬರೆಸಲು ಅವಕಾಶವುಂಟು. ಇಂಗ್ಲೆಂಡಿನಲ್ಲಿ ಹಳೆಯ ಕಾರುಗಳಿಗೆ ಹೀಗೆ ಮೊದಲೇ ಒಪ್ಪಿದ ಮೌಲ್ಯದ ವಿಮೆ ಸಾಮಾನ್ಯ ಸಂಗತಿ. ನಮ್ಮಲ್ಲಿಯೂ ಅದು ಗೋಗರೆದು ಪಡೆಯುವ ಉಪಕಾರವಾಗದೆ ವಾಡಿಕೆಯಾಗಬೇಕೆಂಬುದು ನನ್ನ ವಾದ.

ಹಳೆಯದೆಂದರೆ ಯಾವುದು ಎಂಬಲ್ಲಿಯೂ ನಮಗೆ ಒಮ್ಮತವಿಲ್ಲ. 2002ರ ಮೋಟಾರು ವಿಮಾ ದರಪಟ್ಟಿಯು 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾದ, ಪ್ರಮಾಣಪತ್ರವುಳ್ಳ ಕಾರುಗಳಿಗೆ ಮಾತ್ರ ಪ್ರಾಚೀನತೆಯ ರಿಯಾಯಿತಿಯನ್ನು ಕೊಟ್ಟಿತು. ಅರಮನೆಗಳ ಕಾರುಗಳು ಅದರೊಳಗೆ ಬಂದವು; ಸ್ವತಂತ್ರ ಭಾರತದ ವೈದ್ಯರನ್ನೂ ವಕೀಲರನ್ನೂ ಮದುವಣಿಗರನ್ನೂ ಹೊತ್ತ ಫಿಯೆಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡುಗಳು ಹೊರಗುಳಿದವು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳು ಹೆಚ್ಚು ಉದಾರವಾಗಿವೆ. ಮೊದಲ ನೋಂದಣಿಯಾಗಿ 50 ವರ್ಷ ಕಳೆದು, ಮೂಲ ಸ್ವರೂಪ ಕೆಡದೆ ಉಳಿದ ವಾಹನಕ್ಕೆ ‘ವಿಎ’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ ದೊರೆಯುತ್ತದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅದು ನಿರ್ಬಂಧವೇ ಸರಿ. ಆದರೂ, ಹಳೆಯ ಕಾರು ಗುಜರಿಯಲ್ಲ, ಬೇರೊಂದು ಜಾತಿಯ ಆಸ್ತಿ ಎಂಬುದನ್ನು ಕಾನೂನು ಒಪ್ಪಿದಂತಾಯಿತು. ವಿಮೆಯ ಲೆಕ್ಕವೂ ಈ ಮಾತನ್ನು ಹಿಂಬಾಲಿಸಬೇಕಾಗಿದೆ.

ಆಧಾರವೆಂದರೆ ಯಾವುದು? ನಮ್ಮ ಓಲೆಗರಿಯ ಲಿಪಿಕಾರರು ಗ್ರಂಥ ಮುಗಿದ ಮೇಲೆ ಸುಮ್ಮನೆ ಕಂಠ ಕೆಳಗಿಡುತ್ತಿರಲಿಲ್ಲ. ಯಾರು ಬರೆದರು, ಯಾರಿಗಾಗಿ ಬರೆದರು, ಯಾವ ಸಂವತ್ಸರ, ಯಾವ ತಿಥಿ ಎಂದು ಕೊನೆಯಲ್ಲಿ ನಮೂದಿಸಿ, ಎಣ್ಣೆ, ನೀರು, ಸಡಿಲವಾದ ಕಟ್ಟು ಇವುಗಳಿಂದ ಪುಸ್ತಕವನ್ನು ಉಳಿಸಿಕೊಡಬೇಕೆಂದು ಬೇಡಿಕೊಳ್ಳುತ್ತಿದ್ದುದೂ ಉಂಟು. ಹಳೆಯ ಕಾರಿಗೂ ಅಂಥದೊಂದು ಪುಷ್ಪಿಕೆ ಬೇಕು. ಚಾಸಿಯ ಮತ್ತು ಇಂಜಿನಿನ ಸಂಖ್ಯೆಗಳು, ಒಳಗೂ ಹೊರಗೂ ತೆಗೆದ ಛಾಯಾಚಿತ್ರಗಳು, ದುರಸ್ತಿಯ ರಸೀದಿಗಳು, ಬಲ್ಲ ಮೌಲ್ಯಮಾಪಕರಿಂದ ಪಡೆದ ಪತ್ರ: ಇವೆಲ್ಲ ಒಂದು ಕಡತದಲ್ಲಿದ್ದು, ಅದರ ಪ್ರತಿಯೊಂದು ಮನೆಯಿಂದ ಹೊರಗೆ ಇರಬೇಕು. ಹಳೆಯ ಕಾರಿನ ಬೆಲೆ ಏರುವುದೂ ಉಂಟಾದುದರಿಂದ, ವಿಮೆಯನ್ನು ನವೀಕರಿಸುವಾಗಲೆಲ್ಲ ಅಂಕಿಯನ್ನೂ ಮತ್ತೊಮ್ಮೆ ನೋಡಬೇಕು.

ವಿಮೆಯಿದ್ದ ಮಾತ್ರಕ್ಕೆ ಬೀಗ ಬೇಡವೆನ್ನುವಂತಿಲ್ಲ. ಹಳೆಯ ಗಾಡಿಯ ಕೀಲಿ ಬಲ್ಲವನ ಮುಂದೆ ಬಹು ದುರ್ಬಲವಾದ ಕಾವಲು. ಆದರೆ ಅದರ ಸರಳತೆಯೇ ಮಾಲೀಕನಿಗೆ ಸಹಾಯವೂ ಆಗುತ್ತದೆ. 1940ರಲ್ಲಿ ಜರ್ಮನರ ದಾಳಿಯ ಭಯವಿದ್ದಾಗ, ನಿಲ್ಲಿಸಿಹೋಗುವ ಕಾರು ಶತ್ರುವಿನ ಕೈಯಲ್ಲಿ ಓಡದಂತೆ ಮಾಡಬೇಕೆಂದು ಬ್ರಿಟನ್ನಿನಲ್ಲಿ ಕಟ್ಟಪ್ಪಣೆಯಾಗಿತ್ತು. ಡಿಸ್ಟ್ರಿಬ್ಯೂಟರಿನೊಳಗಿನ ರೋಟರ್ ಎಂಬ ಸಣ್ಣ ತುಂಡನ್ನು ತೆಗೆದು ಜೇಬಿಗೆ ಹಾಕಿಕೊಂಡರೆ ಕೆಲಸ ಮುಗಿಯುತ್ತಿತ್ತು. ಆ ಉಪಾಯ ಇಂದಿಗೂ ಹಳತಾಗಿಲ್ಲ. ಬ್ಯಾಟರಿಯ ಸಂಪರ್ಕ ಕಡಿಯುವ ಗುಪ್ತ ಸ್ವಿಚ್ಚು, ಚುಕ್ಕಾಣಿಗೆ ಕಣ್ಣಿಗೆ ಕಾಣುವಂಥ ಅಡ್ಡಕೋಲು, ಗಾಡಿಯ ಜಾಡು ತಿಳಿಸುವ ಜಿಪಿಎಸ್ ಯಂತ್ರ ಇವೂ ಕೂಡಿದರೆ ಕಳ್ಳನ ಹೊತ್ತು ವ್ಯರ್ಥವಾಗುತ್ತದೆ. ಕಳ್ಳನಿಗೆ ಬೇಡವಾದದ್ದು ಅದೊಂದೇ.

ಕೇವಲ ಹಣವನ್ನು ನಂಬಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಒಂದು ಪ್ರಸಂಗವಿದೆ. 1964ರ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಜೇಮ್ಸ್ ಬಾಂಡ್ ಓಡಿಸಿದ ಆಸ್ಟನ್ ಮಾರ್ಟಿನ್ ಡಿಬಿ5 ಕಾರು 1997ರಲ್ಲಿ ಫ್ಲಾರಿಡಾದ ವಿಮಾನ ನಿಲ್ದಾಣವೊಂದರ ಕೊಟ್ಟಿಗೆಯಿಂದ ಮಾಯವಾಯಿತು. ಮಾಲೀಕನಿಗೆ ವಿಮೆಯಿಂದ ದಶಲಕ್ಷಗಟ್ಟಲೆ ಡಾಲರುಗಳು ಸಂದವು. ಹಣ ಬಂದಿತು, ಅದೇ ದಾರಿಯಲ್ಲಿ ಕಾರು ಬರಲಿಲ್ಲ. ವಿಮೆ ನಷ್ಟವನ್ನು ತುಂಬಬಲ್ಲುದೇ ಹೊರತು ವಸ್ತುವನ್ನು ತರಲಾರದು.

ಹಾಗೆಂದು ಕಾರನ್ನು ಕತ್ತಲ ಕೋಣೆಯಲ್ಲಿಟ್ಟು ಬೀಗ ಜಡಿಯಬೇಕೆಂದಲ್ಲ. ಅಟ್ಟದ ಮೇಲೆ ಗಂಟು ಕಟ್ಟಿಟ್ಟು, ವರ್ಷಕ್ಕೊಮ್ಮೆ ಸರಸ್ವತಿ ಪೂಜೆಗೆ ಮಾತ್ರ ಕೆಳಗಿಳಿಸಿದ ಎಷ್ಟೋ ಓಲೆಗರಿಗಳು ಕಳ್ಳರಿಂದ ಉಳಿದು ಹುಳುಗಳ ಪಾಲಾದವು. ಓಡದ ಕಾರೂ ಹಾಗೆಯೇ. ಎಣ್ಣೆ ಹರಿಯದೆ, ಚಕ್ರ ಉರುಳದೆ, ನಿಂತಲ್ಲಿಯೇ ಕೆಡುತ್ತದೆ. ನಿಜವಾದ ಕಾವಲೆಂದರೆ ಗಮನ. ಬೀಗವೂ ವಿಮೆಯೂ ಆ ಗಮನದ ಎರಡು ರೂಪಗಳು. ನನ್ನಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಗಮನಕ್ಕೆ ಕೊರತೆಯಿತ್ತು. ಪ್ರೀತಿಯಿದ್ದರೆ ಸಾಕೆಂದುಕೊಂಡಿದ್ದೆ.

ಆ ದಿನ ಠಾಣೆಯಲ್ಲಿ ಪ್ರಶ್ನೆ ಎರಡನೆಯ ಸಲ ಬಂದಿತು. ಹಿಂದೆ ನಿಂತಿದ್ದವರು ಅವಸರದಲ್ಲಿದ್ದರು. ನಾನು ಬಾಯಿಗೆ ಬಂದ ಒಂದು ಅಂಕಿಯನ್ನು ಹೇಳಿದೆ. ಗುಜರಿಯ ಬೆಲೆಗಿಂತ ಅದು ತುಸು ಹೆಚ್ಚಿದ್ದಿರಬೇಕು, ಅಷ್ಟೆ. ಕಾರು ಇದುವರೆಗೆ ಸಿಕ್ಕಿಲ್ಲ. ಅಜ್ಜನ ಆ ಎಲ್ಲ ರಾತ್ರಿಗಳಿಗೆ ನಾನು ಕಟ್ಟಿದ ಬೆಲೆ ಮಾತ್ರ, ಸರ್ಕಾರಿ ಕಡತದಲ್ಲಿ, ನನ್ನ ಸಹಿಯ ಮೇಲೆ, ಹಾಗೆಯೇ ಇದೆ.